ತೋಳಿಗೆ ಪೆಟ್ಟಾದರೆ ಬೆರಳನ್ನು ನೋಡಿರಿ

ಕೈ ಎಂಬ ಮಾತನ್ನು ಕನ್ನಡಿಗರಾದ ನಾವು ಬಹಳ ಉದಾರವಾಗಿ ಬಳಸುತ್ತೇವೆ. ಹೆಗಲು ಮೊದಲುಗೊಂಡು ಬೆರಳಿನ ತುದಿಯವರೆಗೆ ಇರುವುದೆಲ್ಲವೂ ನಮಗೆ ಕೈಯೇ. ಆಟಕ್ಕೆ ಹೋದ ಮಗು ಬಿದ್ದು ಬಂದು “ಕೈ ನೋವು” ಎಂದು ಅತ್ತರೆ, ಕೈಯಲ್ಲಿ ಎಲ್ಲಿ ಎಂದು ತಾಯಿಯು ಮತ್ತೊಮ್ಮೆ ಕೇಳಿಯೇ ತಿಳಿಯಬೇಕಾಗುತ್ತದೆ. ಅಮರಸಿಂಹನು ಈ ವಿಷಯದಲ್ಲಿ ನಮಗಿಂತ ಜಾಗರೂಕನು. ಆತನು ತನ್ನ ಕೋಶದಲ್ಲಿ ಮೊಣಕೈಗೆ ಕಫೋಣಿ, ಕೂರ್ಪರ ಎಂಬ ಹೆಸರುಗಳನ್ನು ಹೇಳಿ, ಅದರಿಂದ ಮೇಲಿನ ಭಾಗವು ಪ್ರಗಂಡವೆಂದೂ ಕೆಳಗಿನ ಭಾಗವು ಪ್ರಕೋಷ್ಠವೆಂದೂ ವಿಂಗಡಿಸಿದ್ದಾನೆ. ನಮ್ಮ ಭಾಷೆಯಲ್ಲಿಯೂ ಈ ಭೇದಕ್ಕೆ ಮಾತುಗಳಿಲ್ಲದೆ ಇಲ್ಲ. ಹೆಗಲಿನಿಂದ ಮೊಣಕೈಯವರೆಗಿನದು ತೋಳು. ಅದರಲ್ಲಿ ಮಾಂಸದಿಂದ ತುಂಬಿದ ನಡುಭಾಗವು ರಟ್ಟೆ. ಮೊಣಕೈಯಿಂದ ಮಣಿಕಟ್ಟಿನವರೆಗಿನದು ಮುಂಗೈ. ಅಲ್ಲಿಂದ ಮುಂದಿನದು ಹಸ್ತ. ಈ ಲೇಖನದಲ್ಲಿ ಈ ಮಾತುಗಳನ್ನು ಇದೇ ಅರ್ಥದಲ್ಲಿ ಬಳಸುತ್ತೇವೆ. ಈ ತಿಂಗಳು ನಾವು ಹೇಳಹೊರಟಿರುವುದು ತೋಳಿನ ವಿಚಾರ.

ತೋಳಿನ ಒಳಗೆ ಏನಿದೆಯೆಂಬುದನ್ನು ವೈದ್ಯರು ತಿಳಿದರೆ ಸಾಲದೆ, ಗೃಹಸ್ಥರಾದ ನಮಗೇಕೆ ಈ ಗೊಡವೆ, ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವಿಷ್ಟೆ. ತೋಳು ತನಗಾಗಿ ಇರುವುದಕ್ಕಿಂತ ಹೆಚ್ಚಾಗಿ ಹಸ್ತಕ್ಕಾಗಿ ಇದೆ. ಬರೆಯುವುದು, ಉಣ್ಣುವುದು, ಹೆಣೆಯುವುದು, ವೀಣೆ ನುಡಿಸುವುದು ಇವೆಲ್ಲವೂ ಹಸ್ತದ ಕೆಲಸಗಳು. ಆದರೆ ಆ ಹಸ್ತಕ್ಕೆ ಬೇಕಾದ ರಕ್ತವೂ, ಅದನ್ನು ಆಡಿಸುವ ಮಿದುಳಿನ ಅಪ್ಪಣೆಗಳೂ, ಅದು ಮುಟ್ಟಿ ತಿಳಿದ ಬಿಸಿ ತಂಪುಗಳ ಸಮಾಚಾರವೂ ತೋಳಿನ ಮಾರ್ಗವಾಗಿಯೇ ಹೋಗಿ ಬರಬೇಕು. ಹೊಳೆಯಾಚೆಯ ಊರಿಗೆ ಒಂದೇ ಸೇತುವೆ ಇದ್ದಂತೆ. ಸೇತುವೆಗೆ ಅಪಾಯವಾದರೆ ಕಷ್ಟವು ಊರಿಗೆ. ಪೆಟ್ಟು ಬೀಳುವುದು ತೋಳಿಗೆ, ನಷ್ಟವಾಗುವುದು ಹಸ್ತಕ್ಕೆ. ಈ ಒಂದು ಮಾತನ್ನು ಮನೆಯವರು ಅರಿತಿದ್ದರೆ ಎಷ್ಟೋ ಮಕ್ಕಳ ಕೈಗಳು ಉಳಿಯುವುವು. ಇದನ್ನು ಮನಗಾಣಿಸುವುದೇ ನಮ್ಮ ಉದ್ದೇಶವು.

ಮೊದಲು ಮೂಳೆಯನ್ನು ನೋಡೋಣ. ಮುಂಗೈಯಲ್ಲಿ ಎರಡು ಮೂಳೆಗಳಿವೆ, ತೋಳಿನಲ್ಲಿ ಒಂದೇ. ವೈದ್ಯರು ಇದನ್ನು ಹ್ಯೂಮರಸ್ ಎನ್ನುತ್ತಾರೆ; ಸಂಸ್ಕೃತದ ಜಾಡಿನಲ್ಲಿ ಪ್ರಗಂಡಾಸ್ಥಿ ಎಂದರೂ ಸಲ್ಲುತ್ತದೆ. ಬೆಳೆದವರಲ್ಲಿ ಇದರ ಉದ್ದವು ಸುಮಾರು 30 ಸೆಂಟಿಮೀಟರು, ಅಂದರೆ ಹೆಚ್ಚುಕಡಮೆ ಒಂದು ಅಡಿ. ಇದರ ಮೇಲಿನ ತಲೆಯು ಅರ್ಧ ಚೆಂಡಿನಂತೆ ಗುಂಡಾಗಿದ್ದು, ಹೆಗಲ ಹಲಗೆಯ ಮೂಳೆಯಲ್ಲಿರುವ ಒಂದು ಆಳವಿಲ್ಲದ ತಟ್ಟೆಯಂತಹ ಗುಳಿಗೆ ಒರಗಿಕೊಂಡಿದೆ. ಗುಳಿಯು ಆಳವಾಗಿದ್ದಿದ್ದರೆ ಕೀಲು ಭದ್ರವಾಗಿರುತ್ತಿತ್ತು, ಆದರೆ ತೋಳು ಇಷ್ಟು ಸ್ವತಂತ್ರವಾಗಿ ಎಲ್ಲ ದಿಕ್ಕಿಗೂ ತಿರುಗುತ್ತಿರಲಿಲ್ಲ. ಹೆಗಲಿನ ಕೀಲು ಇತರ ದೊಡ್ಡ ಕೀಲುಗಳಿಗಿಂತ ಸುಲಭವಾಗಿ ತಪ್ಪುವುದಕ್ಕೆ ಇದೇ ಕಾರಣ.

ಈ ಮೂಳೆಯ ನಡುಭಾಗವು ಗಟ್ಟಿಯಾದ ಕೊಳವೆಯಂತಿದೆ. ಕೆಳಕ್ಕೆ ಬಂದಂತೆ ಅದು ಚಪ್ಪಟೆಯಾಗಿ ಅಗಲವಾಗುತ್ತದೆ. ತುದಿಯಲ್ಲಿ ನೂಲಿನ ಉರುಳೆಯಂತಹ ಒಂದು ಭಾಗವೂ, ಅದರ ಪಕ್ಕದಲ್ಲಿ ಒಂದು ಸಣ್ಣ ಗುಂಡೂ ಇದ್ದು, ಮುಂಗೈಯ ಎರಡು ಮೂಳೆಗಳು ಇಲ್ಲಿಗೆ ಬಂದು ಕೂಡುತ್ತವೆ. ಮೊಣಕೈಯ ಎರಡು ಪಕ್ಕಗಳಲ್ಲಿ ಕೈಗೆ ಸಿಗುವ ಗಂಟುಗಳು ಈ ತೋಳಿನ ಮೂಳೆಯವೇ. ಆ ಗಂಟುಗಳಿಗೆ ಸ್ವಲ್ಪ ಮೇಲೆ, ಹಿಂದೊಂದು ಮುಂದೊಂದು ಗುಳಿಗಳಿವೆ. ಕೈಯನ್ನು ನೀಡಿದಾಗಲೂ ಮಡಿಸಿದಾಗಲೂ ಮುಂಗೈ ಮೂಳೆಯ ತುದಿಗಳು ಹೋಗಿ ಕೂರಲು ಇವು ಸ್ಥಳ ಕೊಡುತ್ತವೆ. ಎರಡು ಗುಳಿಗಳ ನಡುವೆ ಉಳಿದಿರುವ ಮೂಳೆಯು ಬಹಳ ತೆಳ್ಳಗಿನ ಒಂದು ಬಿಲ್ಲೆ. ಓದುಗರು ಈ ತೆಳ್ಳನೆಯ ಸ್ಥಳವನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪವು ಬರುತ್ತದೆ.

ಇನ್ನು ಮಾಂಸಖಂಡಗಳು. ಹೆಗಲಿಗೆ ಹೊದಿಸಿದಂತೆ ಮೂರು ಮೂಲೆಯ ಒಂದು ದಪ್ಪ ಮಾಂಸಖಂಡವಿದೆ. ಗ್ರೀಕರ ಡೆಲ್ಟಾ ಎಂಬ ಅಕ್ಷರದ ಆಕಾರದಲ್ಲಿರುವುದರಿಂದ ಇದಕ್ಕೆ ಡೆಲ್ಟಾಯ್ಡ್ ಎಂದು ಹೆಸರು. ತೋಳನ್ನು ಪಕ್ಕಕ್ಕೆ ಎತ್ತಿ ಅಟ್ಟದ ಮೇಲಿನ ಡಬ್ಬವನ್ನು ತೆಗೆಯುವ ಕೆಲಸದಲ್ಲಿ ಇದು ಮುಖ್ಯ. 2021ರಲ್ಲಿ ನಾವೆಲ್ಲರೂ ಸಾಲಿನಲ್ಲಿ ನಿಂತು ಕೊರೋನಾ ಲಸಿಕೆಯನ್ನು ಚುಚ್ಚಿಸಿಕೊಂಡದ್ದು ಈ ಮಾಂಸಖಂಡಕ್ಕೇ. ರವಿಕೆಯ ಅಥವಾ ಅಂಗಿಯ ತೋಳನ್ನು ಚೆನ್ನಾಗಿ ಮೇಲಕ್ಕೆ ಸರಿಸಿ ಎಂದು ದಾದಿಯರು ಹೇಳುವುದು ವ್ಯರ್ಥವಾದ ಮಾತಲ್ಲ. ಹೆಗಲ ಮೂಳೆಯ ಅಂಚಿನಿಂದ ಎರಡು ಮೂರು ಬೆರಳು ಕೆಳಗೆ ಸೂಜಿಯು ಇಳಿಯಬೇಕು. ತೀರ ಕೆಳಗೆ ಚುಚ್ಚಿದರೆ ಅಲ್ಲಿ ಹಾಯುವ ನರಕ್ಕೆ ಅಪಾಯವುಂಟು.

ತೋಳಿನ ಮುಂಭಾಗದಲ್ಲಿ ಉಬ್ಬಿ ಕಾಣುವ ರಟ್ಟೆಯ ಮಾಂಸಖಂಡಕ್ಕೆ ದ್ವಿಶಿರಸ್ಕವೆಂದು ಹೆಸರು; ವೈದ್ಯರ ಬೈಸೆಪ್ಸ್ ಎಂಬ ಮಾತಿಗೂ ಎರಡು ತಲೆಯುಳ್ಳದ್ದೆಂದೇ ಅರ್ಥ. ಅದರ ಅಡಿಯಲ್ಲಿ ಮರೆಯಾಗಿ ಇನ್ನೊಂದು ಮಾಂಸಖಂಡವಿದೆ. ಮೊಣಕೈಯನ್ನು ಮಡಿಸುವ ಮುಖ್ಯ ಕೆಲಸವನ್ನು ಮಾಡುವುದು ಮರೆಯಲ್ಲಿರುವ ಈ ಮಾಂಸಖಂಡವೇ, ಹೆಸರು ಬರುವುದು ಮಾತ್ರ ಹೊರಗೆ ಕಾಣುವ ದ್ವಿಶಿರಸ್ಕಕ್ಕೆ. ಲೋಕದಲ್ಲಿಯೂ ಹೀಗೆ ನಡೆಯುವುದುಂಟು. ಆದರೆ ದ್ವಿಶಿರಸ್ಕಕ್ಕೆ ತನ್ನದೇ ಆದ ಇನ್ನೊಂದು ಕೆಲಸವಿದೆ. ಓದುಗರು ಬಲಮೊಣಕೈಯನ್ನು ಮಡಿಸಿ, ಎಡಗೈಯನ್ನು ಬಲರಟ್ಟೆಯ ಮೇಲಿಟ್ಟು, ಬಲ ಅಂಗೈಯನ್ನು ಒಮ್ಮೆ ಕೆಳಮೊಗವಾಗಿಯೂ ಒಮ್ಮೆ ಮೇಲ್ಮೊಗವಾಗಿಯೂ ಬಲವಾಗಿ ತಿರುಗಿಸಿ ನೋಡಲಿ. ಮೇಲ್ಮೊಗವಾಗಿಸಿದಾಗ ರಟ್ಟೆಯು ಎದ್ದು ನಿಲ್ಲುತ್ತದೆ. ಬಲಗೈಯವರು ತಿರುಪುಮೊಳೆಯನ್ನು ಬಿಗಿಮಾಡುವಾಗ ಒದಗುವ ಬಲವು ಇದೇ. ಅದೇ ಮೊಳೆಯನ್ನು ಬಿಚ್ಚುವಾಗ ಕೈಗೆ ಅಷ್ಟು ಬಲ ಬಾರದಿರುವುದನ್ನು ಎಷ್ಟೋ ಜನರು ಅನುಭವಿಸಿರಬಹುದು.

ತೋಳಿನ ಹಿಂಭಾಗದಲ್ಲಿರುವುದು ಮೂರು ತಲೆಯ ತ್ರಿಶಿರಸ್ಕ. ಮಡಿಸಿದ ಮೊಣಕೈಯನ್ನು ನೀಡುವುದು ಇದರ ಕೆಲಸ. ಲಟ್ಟಣಿಗೆಯನ್ನು ಮುಂದಕ್ಕೆ ನೂಕುವಾಗಲೂ, ಕುರ್ಚಿಯ ಕೈಗಳನ್ನು ಒತ್ತಿ ಮುದುಕರು ಮೇಲಕ್ಕೇಳುವಾಗಲೂ ದುಡಿಯುವುದು ಇದೇ. ವಯಸ್ಸಾದವರು ಈ ಮಾಂಸಖಂಡವನ್ನು ಸೋಮಾರಿಯಾಗಲು ಬಿಡಬಾರದು. ದಿನಕ್ಕೆ ಹತ್ತು ಸಲ ಭದ್ರವಾದ ಕುರ್ಚಿಯ ಕೈಗಳನ್ನು ಒತ್ತಿ ಎದ್ದು ಕುಳಿತರೆ ಅದಕ್ಕೆ ತಕ್ಕಮಟ್ಟಿನ ವ್ಯಾಯಾಮವಾಗುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬಂದೆವು. ಕುತ್ತಿಗೆಯಿಂದ ಹೊರಟ ನರಗಳು ಕಂಕುಳಿನಲ್ಲಿ ಒಂದಾಗಿ, ಹೆಣೆದುಕೊಂಡು, ಮತ್ತೆ ಬೇರೆಬೇರೆಯಾಗಿ ತೋಳನ್ನು ಪ್ರವೇಶಿಸುತ್ತವೆ. ಇವುಗಳಲ್ಲಿ ಹಸ್ತದವರೆಗೆ ಹೋಗುವ ದೊಡ್ಡ ನರಗಳು ಮೂರು.

ಮೊದಲನೆಯದು ರೇಡಿಯಲ್ ನರ. ಇದು ಕಂಕುಳಿನಿಂದ ಇಳಿದು ತೋಳಿನ ಮೂಳೆಯ ಹಿಂಬದಿಯನ್ನು ಓರೆಯಾಗಿ ಬಳಸಿ ಹೊರಮಗ್ಗುಲಿಗೆ ಬರುತ್ತದೆ. ಶ್ರವಣಬೆಳಗೊಳದ ಬಾಹುಬಲಿಯ ಮೂರ್ತಿಯನ್ನು ಕಂಡವರು ಆತನ ತೋಳುಗಳನ್ನು ಸುತ್ತಿರುವ ಬಳ್ಳಿಯನ್ನು ಜ್ಞಾಪಿಸಿಕೊಳ್ಳಲಿ. ಆ ಬಳ್ಳಿಯು ಹೊರಗೆ ಸುತ್ತಿರುವಂತೆ ಈ ನರವು ಒಳಗೆ ಮೂಳೆಗೆ ಅಂಟಿದಂತೆ ಸುತ್ತಿದೆ. ದಾರಿಯಲ್ಲಿ ಇದು ತ್ರಿಶಿರಸ್ಕಕ್ಕೆ ಕವಲುಗಳನ್ನು ಕೊಟ್ಟು, ಮುಂದೆ ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವ ಮಾಂಸಖಂಡಗಳಿಗೆ ಹೋಗುತ್ತದೆ.

ಎರಡನೆಯದು ಮೀಡಿಯನ್ ನರ. ಇದು ತೋಳಿನ ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳದ ಜೊತೆಯಲ್ಲಿಯೇ ಇಳಿದು ಮೊಣಕೈಯ ಮುಂಭಾಗಕ್ಕೆ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಸ್ಪರ್ಶಜ್ಞಾನವೂ, ಹಿಡಿಯುವ ಬಲದ ಬಹುಭಾಗವೂ ಇದರ ಅಧೀನ. ಮೂರನೆಯದು ಅಲ್ನಾರ್ ನರ. ಇದು ಮೊಣಕೈಯ ಒಳಗಂಟಿನ ಹಿಂದೆ ಚರ್ಮಕ್ಕೆ ಬಹು ಸಮೀಪದಲ್ಲಿ ಹಾಯುತ್ತದೆ. ಬಾಗಿಲಿನ ಅಂಚಿಗೆ ಮೊಣಕೈ ತಾಗಿ ಕಿರುಬೆರಳಿನವರೆಗೆ ಜುಮ್ಮೆಂದು ಮಿಂಚು ಹರಿದಂತಾದುದು ಯಾರಿಗೆ ತಿಳಿಯದು? ತಾಗಿದ್ದು ಮೂಳೆಗೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ತಾಗಿದ್ದು ಈ ನರಕ್ಕೆ. ಕಿರುಬೆರಳಿನ ಸ್ಪರ್ಶವೂ, ಬೆರಳುಗಳನ್ನು ಅಗಲಿಸಿ ಕೂಡಿಸುವ ಸೂಕ್ಷ್ಮವಾದ ಚಲನೆಯೂ ಇದಕ್ಕೆ ಸೇರಿದುವು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಮೀಡಿಯನ್ ಮತ್ತು ಅಲ್ನಾರ್ ನರಗಳೆರಡೂ ತೋಳಿನ ಉದ್ದಕ್ಕೂ ಹಾಯ್ದು ಹೋದರೂ ತೋಳಿನ ಒಂದು ಮಾಂಸಖಂಡಕ್ಕೂ ಕವಲು ಕೊಡುವುದಿಲ್ಲ. ಅವು ಕೇವಲ ದಾರಿಹೋಕರು. ಆದುದರಿಂದ ತೋಳಿನಲ್ಲಿ ಈ ನರಗಳಿಗೆ ಪೆಟ್ಟಾದರೂ ತೋಳು ಎಂದಿನಂತೆಯೇ ಮಡಿಯುತ್ತದೆ, ನೀಡುತ್ತದೆ. ಹಾಗೆಯೇ ಮೂಳೆಯ ನಡುಭಾಗ ಮುರಿದು ರೇಡಿಯಲ್ ನರಕ್ಕೆ ಧಕ್ಕೆಯಾದಾಗಲೂ, ತ್ರಿಶಿರಸ್ಕಕ್ಕೆ ಹೋಗುವ ಕವಲುಗಳು ಅದಕ್ಕೆ ಮೊದಲೇ ಹೊರಟುಹೋಗಿರುವುದರಿಂದ ಮೊಣಕೈಯನ್ನು ನೀಡುವ ಶಕ್ತಿಯು ಸಾಮಾನ್ಯವಾಗಿ ಉಳಿದಿರುತ್ತದೆ. ಆದರೆ ಮಣಿಕಟ್ಟು ಬಾಡಿದ ಹೂವಿನ ತೊಟ್ಟಿನಂತೆ ಜೋತುಬೀಳುತ್ತದೆ. ತೋಳನ್ನೇ ನೋಡುತ್ತ ಕುಳಿತವರಿಗೆ ಇದು ಗೊತ್ತಾಗದು. ಬೆರಳನ್ನು ನೋಡಿದವರಿಗೆ ಗೊತ್ತಾಗುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಮಕ್ಕಳಿಗೂ ತಿಳಿಯುವಂತಹ ಮೂರು ಮುದ್ರೆಗಳನ್ನು ಹೇಳುತ್ತೇವೆ. ಮೊದಲನೆಯದು ಚಿನ್ಮುದ್ರೆ: ಹೆಬ್ಬೆರಳಿನ ತುದಿಯನ್ನೂ ತೋರುಬೆರಳಿನ ತುದಿಯನ್ನೂ ಕೂಡಿಸಿ ಗುಂಡನೆಯ ಉಂಗುರವನ್ನು ಮಾಡುವುದು. ಉಂಗುರವು ದುಂಡಗಾಗದೆ ಚಪ್ಪಟೆಯಾದರೆ ಮೀಡಿಯನ್ ನರದ ವಿಷಯದಲ್ಲಿ ಸಂದೇಹಪಡಬೇಕು. ಎರಡನೆಯದು ಅಭಯಹಸ್ತ: ಮುಂಗೈಯನ್ನು ಮೇಜಿನ ಮೇಲೋ ದಿಂಬಿನ ಮೇಲೋ ಅಂಗೈ ಕೆಳಗಾಗಿ ಒರಗಿಸಿ, ಹಸ್ತವನ್ನು ಮಾತ್ರ ಮೇಲಕ್ಕೆತ್ತಿ ಎದುರಿನವರಿಗೆ “ನಿಲ್ಲು” ಎಂಬಂತೆ ತೋರಿಸುವುದು. ಹಸ್ತವು ಏಳದಿದ್ದರೆ ರೇಡಿಯಲ್ ನರಕ್ಕೆ ತೊಂದರೆ. ಮೂರನೆಯದು ಐದರ ಎಣಿಕೆ: ಐದು ಬೆರಳುಗಳನ್ನೂ ನೀಡಿ ಒಂದಕ್ಕೊಂದು ದೂರವಾಗುವಂತೆ ಅಗಲಿಸುವುದು. ಬೆರಳುಗಳು ಅಗಲವಾಗದಿದ್ದರೆ ಅಲ್ನಾರ್ ನರಕ್ಕೆ ತೊಂದರೆ. ಈ ಪರೀಕ್ಷೆಗೆ ಪೆಟ್ಟಾದ ತೋಳನ್ನು ಅಲುಗಿಸಬೇಕಾದುದಿಲ್ಲ. ಹಸ್ತ ಮತ್ತು ಬೆರಳುಗಳು ಚಲಿಸಿದರೆ ಸಾಕು. ನೋವು ಹೆಚ್ಚಾದರೆ ಬಲಾತ್ಕರಿಸದೆ ನಿಲ್ಲಿಸಿ, ಕಂಡದ್ದನ್ನು ವೈದ್ಯರಿಗೆ ಹೇಳಿದರೆ ಆಯಿತು.

ನರಗಳ ತರುವಾಯ ರಕ್ತನಾಳ. ತೋಳಿನ ಒಳಮಗ್ಗುಲಲ್ಲಿ, ದ್ವಿಶಿರಸ್ಕದ ಅಂಚಿನ ಸಂದಿನಲ್ಲಿ ಬೆರಳಿಟ್ಟು ಮೆಲ್ಲನೆ ಒತ್ತಿದರೆ ಬಡಿತವು ಸಿಗುತ್ತದೆ. ಅದೇ ಬ್ರೇಕಿಯಲ್ ಧಮನಿ. ಹಸ್ತಕ್ಕೆ ಹೋಗುವ ರಕ್ತಕ್ಕೆ ಇದೇ ರಾಜಮಾರ್ಗ. ಮೊಣಕೈಯ ಮುಂದೆ ಇದು ಎರಡಾಗಿ ಕವಲೊಡೆದು, ಅದರಲ್ಲೊಂದು ಮಣಿಕಟ್ಟಿನ ಬಳಿ ವೈದ್ಯರು ನಾಡಿ ಹಿಡಿಯುವ ಸ್ಥಳಕ್ಕೆ ಬರುತ್ತದೆ. ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯನು 1896ರಲ್ಲಿ ತೋಳಿಗೆ ಪಟ್ಟಿಯನ್ನು ಸುತ್ತಿ ಗಾಳಿ ತುಂಬಿ ರಕ್ತದ ಒತ್ತಡವನ್ನು ಅಳೆಯುವ ಯಂತ್ರವನ್ನು ಪ್ರಕಟಿಸಿದನು. 1905ರಲ್ಲಿ ರಷ್ಯಾ ದೇಶದ ಕೊರೊಟ್ಕೊವ್ ಎಂಬಾತನು ಆ ಧಮನಿಯ ಮೇಲೆ ಕಿವಿಗೊಳವೆಯನ್ನಿಟ್ಟು ಶಬ್ದವನ್ನು ಕೇಳಿ ಅಳೆಯುವ ಕ್ರಮವನ್ನು ತಿಳಿಸಿದನು. ಈಗ ಅನೇಕರ ಮನೆಗಳಲ್ಲಿಯೇ ಈ ಯಂತ್ರವಿದೆ. ಅದನ್ನು ಬಳಸುವವರು ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿದೋಳಿಗೆ ಸುತ್ತಬೇಕು. ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಒರಗಿಸಿರಬೇಕು. ತೋಳನ್ನು ಜೋಲುಬಿಟ್ಟು ಅಳೆದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ.

ಇಷ್ಟು ತಿಳಿದ ಮೇಲೆ, ಮನೆಗಳಲ್ಲಿ ಈ ಸೇತುವೆಗೆ ಅಪಾಯವು ಹೇಗೆ ಬರುತ್ತದೆಂಬುದನ್ನು ನೋಡೋಣ. ದೊಡ್ಡವರಲ್ಲಿ ಕೆಲವರು ಬಹಳ ಆಯಾಸದಿಂದಲೋ ಮದ್ಯಪಾನದಿಂದಲೋ ಕುರ್ಚಿಯ ಬೆನ್ನಿನ ಮೇಲೆ ತೋಳನ್ನು ನೇತುಹಾಕಿಕೊಂಡು ಹಾಗೆಯೇ ಗಾಢನಿದ್ರೆ ಮಾಡುವುದುಂಟು. ಬೆಳಗ್ಗೆ ಎದ್ದಾಗ ಮಣಿಕಟ್ಟು ಜೋತುಬಿದ್ದಿರುತ್ತದೆ. ಪಾರ್ಶ್ವವಾಯುವೋ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ರೇಡಿಯಲ್ ನರವು ಮೂಳೆಗೂ ಕುರ್ಚಿಗೂ ನಡುವೆ ಗಂಟೆಗಟ್ಟಲೆ ಅದುಮಿಹೋಗಿದ್ದುದೇ ಇದರ ಕಾರಣವಾಗಿರಬಹುದು. ಇದು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಮಾತು ತೊದಲುವುದು, ಬಾಯಿ ಓರೆಯಾಗುವುದು, ಕಾಲು ಸೋಲುವುದು ಇವುಗಳಲ್ಲಿ ಒಂದಿದ್ದರೂ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ಅವಿಲ್ಲದಿದ್ದರೂ ಆ ದಿನವೇ ವೈದ್ಯರಿಗೆ ತೋರಿಸಿ ನಿಶ್ಚಯಮಾಡಿಕೊಳ್ಳಬೇಕು. ಕಂಕುಳುಕೋಲನ್ನು ಹಿಡಿದು ನಡೆಯುವವರು ಮೈಭಾರವನ್ನೆಲ್ಲ ಕಂಕುಳಿನ ಮೇಲೆ ಹಾಕುವುದರಿಂದಲೂ ಇದೇ ನರವು ಅದುಮಿಹೋಗುತ್ತದೆ. ಕೋಲಿನ ಮೇಲ್ತುದಿಗೂ ಕಂಕುಳಿಗೂ ಎರಡು ಮೂರು ಬೆರಳು ಅಂತರವಿರಬೇಕು. ಭಾರವು ಅಂಗೈಯ ಮೇಲೆ ಬೀಳಬೇಕು.

ಚಿಕ್ಕ ಮಕ್ಕಳನ್ನು ಒಂದು ಕೈ ಹಿಡಿದು ಮೇಲಕ್ಕೆಳೆಯುವುದು ನಮ್ಮ ಮನೆಗಳಲ್ಲಿ ನಿತ್ಯವೂ ಕಾಣುವ ಅಭ್ಯಾಸ. ಬಸ್ಸು ಹತ್ತಿಸುವಾಗ, ಹಟ ಮಾಡಿ ನೆಲದ ಮೇಲೆ ಕುಳಿತಾಗ, ಪ್ರೀತಿಯಿಂದ ಎರಡು ಕೈ ಹಿಡಿದು ಗಿರಗಿರನೆ ತಿರುಗಿಸುವಾಗ ಹೀಗಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮುಂಗೈಯ ಹೊರಮೂಳೆಯ ತಲೆಯು ಇನ್ನೂ ತನ್ನ ಪಟ್ಟಿಯಲ್ಲಿ ಭದ್ರವಾಗಿ ಕುಳಿತಿರದೆ, ಇಂತಹ ಎಳೆತಕ್ಕೆ ಮೊಣಕೈಯಲ್ಲಿ ಸ್ಥಳ ತಪ್ಪುತ್ತದೆ. ಮಗುವು ಆ ಕೈಯನ್ನು ಆಡಿಸದೆ ಜೋಲುಬಿಟ್ಟು ಅಳುತ್ತದೆ. ಬಲ್ಲ ವೈದ್ಯರು ಒಂದು ಕ್ಷಣದಲ್ಲಿ ಇದನ್ನು ಸರಿಪಡಿಸಬಲ್ಲರು. ಆದರೆ ಮೊದಲೇ ತಡೆಯುವುದು ಇನ್ನೂ ಸುಲಭ. ಮಗುವನ್ನು ಎತ್ತಬೇಕಾದಾಗ ಎರಡು ಕಂಕುಳುಗಳಲ್ಲಿಯೂ ಕೈಕೊಟ್ಟು ಎತ್ತಿರಿ.

ಎಲ್ಲಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಐದರಿಂದ ಎಂಟು ವರ್ಷದ ಮಕ್ಕಳು ಮರದಿಂದಲೋ, ಜಾರುಬಂಡೆಯಿಂದಲೋ, ಸೈಕಲ್ಲಿನಿಂದಲೋ ಕೈಯೂರಿ ಬಿದ್ದಾಗ, ನಾವು ಮೇಲೆ ಹೇಳಿದ ಆ ತೆಳ್ಳನೆಯ ಸ್ಥಳದಲ್ಲಿ, ಮೊಣಕೈಗೆ ಸ್ವಲ್ಪ ಮೇಲೆ, ತೋಳಿನ ಮೂಳೆಯು ಮುರಿಯುತ್ತದೆ. ಮಕ್ಕಳ ಮೊಣಕೈಯ ಬಳಿ ಆಗುವ ಮುರಿತಗಳಲ್ಲಿ ಇದೇ ಅತ್ಯಂತ ಸಾಮಾನ್ಯವಾದುದು. ಮುರಿದ ಮೂಳೆಯ ಚೂಪಾದ ಅಂಚಿನ ಮುಂದೆಯೇ ಬ್ರೇಕಿಯಲ್ ಧಮನಿಯೂ ಮೀಡಿಯನ್ ನರವೂ ಹಾಯುತ್ತವೆ. ಅವು ಸೆಳೆತಕ್ಕೆ ಸಿಕ್ಕಬಹುದು, ಚುಚ್ಚಿಸಿಕೊಳ್ಳಬಹುದು. ಅದರ ಮೇಲೆ ಮೊಣಕೈಯು ಗಂಟೆಗಂಟೆಗೂ ಊದಿಕೊಳ್ಳುತ್ತದೆ. ಹೀಗಿರುವಾಗ ಆ ಸ್ಥಳಕ್ಕೆ ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿದರೆ ಊತಕ್ಕೆ ಹೊರಕ್ಕೆ ಹೋಗಲು ಎಡೆಯಿಲ್ಲದೆ ಅದು ಒಳಕ್ಕೆ ಅದುಮುತ್ತದೆ. ಮುಂಗೈಯ ಮಾಂಸಖಂಡಗಳಿಗೆ ರಕ್ತವು ನಿಲ್ಲುತ್ತದೆ. ಸುಮಾರು ಆರು ಗಂಟೆಗಳ ಕಾಲ ರಕ್ತವಿಲ್ಲದಿದ್ದರೆ ಮಾಂಸಖಂಡವು ಮರಳಿ ಬಾರದಂತೆ ಕೆಡುತ್ತದೆ. ಕೆಟ್ಟ ಮಾಂಸವು ವಾರಗಳ ಮೇಲೆ ನಾರಿನಂತೆ ಗಟ್ಟಿಯಾಗಿ ಸಂಕೋಚಗೊಂಡು, ಬೆರಳುಗಳನ್ನು ಹಕ್ಕಿಯ ಉಗುರಿನಂತೆ ಒಳಕ್ಕೆ ಎಳೆಯುತ್ತದೆ. ಜರ್ಮನಿಯ ಶಸ್ತ್ರವೈದ್ಯನಾದ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಈ ವಿಕಾರಕ್ಕೆ ಇಂದಿಗೂ ಆತನ ಹೆಸರೇ ನಡೆದುಬಂದಿದೆ.

ನಮ್ಮ ಅಧ್ಯಾಪಕವೃತ್ತಿಯ ಕಾಲದಲ್ಲಿ ಇಂತಹ ಒಂದು ಕೈಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎರಡನೆಯ ತರಗತಿಯ ಬಾಲಕನೊಬ್ಬನು ಬೇಸಗೆಯ ರಜೆಯಲ್ಲಿ ಅಜ್ಜನ ಊರಿನಲ್ಲಿ ಸೀಬೆಯ ಮರದಿಂದ ಬಿದ್ದನು. ಊರಿನವರು ಬಲ್ಲ ಒಬ್ಬರ ಬಳಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದರು. ರಾತ್ರಿಯೆಲ್ಲ ಹುಡುಗನು ನೋವೆಂದು ಅತ್ತನಂತೆ. ಮೂಳೆ ಮುರಿದರೆ ನೋಯದೆ ಇರುತ್ತದೆಯೆ ಎಂದು ಹಿರಿಯರು ಸಮಾಧಾನ ಹೇಳಿದರಂತೆ. ಎರಡನೆಯ ದಿನ ಅಳುವು ನಿಂತಿತು, ಗುಣವಾಗುತ್ತಿದೆ ಎಂದುಕೊಂಡರು. ವಾಸ್ತವವಾಗಿ ಕೈಯು ಮರಗಟ್ಟಿದ್ದಿತು. ಶಾಲೆ ತೆರೆದ ಮೇಲೆ ಬಂದ ಆ ಹುಡುಗನ ಮೂಳೆಯು ನೆಟ್ಟಗೆ ಕೂಡಿಕೊಂಡಿತ್ತು. ಪೆನ್ಸಿಲನ್ನು ಹಿಡಿಯಲು ಬೆರಳುಗಳೇ ಬರಲಿಲ್ಲ. ಆ ವರ್ಷವೆಲ್ಲ ಅವನು ಎಡಗೈಯಲ್ಲಿ ಅಕ್ಷರಗಳನ್ನು ಹೊಸದಾಗಿ ತಿದ್ದಿದನು. ಮನೆಯವರಲ್ಲಿ ಪ್ರೀತಿಯ ಕೊರತೆಯಿರಲಿಲ್ಲ. ನೋಡಬೇಕಾದುದು ಯಾವುದೆಂಬ ತಿಳಿವಳಿಕೆಯೊಂದು ಇರಲಿಲ್ಲ, ಅಷ್ಟೆ.

ಬಿಗಿಯಾದ ಕಟ್ಟು ನಮ್ಮ ಹಿರಿಯರ ಪದ್ಧತಿಯೆಂದು ಯಾರಾದರೂ ಹೇಳಿದರೆ ಅದನ್ನು ನಾವು ಒಪ್ಪಲಾರೆವು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಳೆಮುರಿತದ ಪ್ರಕರಣವಿದೆ. ಅಲ್ಲಿ ಹಿಪ್ಪೆ, ಅತ್ತಿ, ಅಶ್ವತ್ಥ, ಮುತ್ತುಗ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಗಾಗಿ ಹೇಳಿದ್ದರೂ, ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗದು, ಬಿಗಿಯಾದರೆ ಊತವೂ ನೋವೂ ಕೀವೂ ಉಂಟಾಗುವುವು, ಆದುದರಿಂದ ಮಧ್ಯಮವಾದ ಕಟ್ಟೇ ಒಳ್ಳೆಯದು ಎಂದು ಸ್ಪಷ್ಟವಾಗಿ ವಿಧಿಸಿದೆ. ತಂಪಿನ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಕಾಲದಲ್ಲಿ ಐದು ದಿನಕ್ಕೊಮ್ಮೆ, ಬಿಸಿಲುಗಾಲದಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದೂ ಹೇಳಿದೆ. ಅಷ್ಟು ಹಿಂದೆಯೇ ಕಟ್ಟಿನ ಬಿಗಿಯು ಶತ್ರುವೆಂದು ಅರಿತಿದ್ದರು. ಆದರೆ ಅವರಿಗೆ ಎಕ್ಸ್-ರೇ ಇರಲಿಲ್ಲ, ನಮಗಿದೆ. ಮೂಳೆಯು ಎಲ್ಲಿ ಹೇಗೆ ಮುರಿದಿದೆಯೆಂದು ಕಣ್ಣಿನಿಂದ ನೋಡುವ ಸೌಕರ್ಯವಿರುವಾಗ ಊಹೆಯಿಂದ ಕಟ್ಟು ಹಾಕಿಸುವುದು ಯುಕ್ತವಲ್ಲ.

ಆದುದರಿಂದ ತೋಳಿಗೋ ಮೊಣಕೈಗೋ ಬಲವಾದ ಪೆಟ್ಟು ಬಿದ್ದಾಗ ಮನೆಯವರು ಮಾಡಬೇಕಾದುದು ಇಷ್ಟು. ಊತವು ಏರುವುದಕ್ಕೆ ಮೊದಲೇ ಆ ಕೈಯ ಉಂಗುರ, ಬಳೆ, ಕೈಗಡಿಯಾರ, ಕಟ್ಟಿದ ದಾರ ಎಲ್ಲವನ್ನೂ ತೆಗೆಯಿರಿ. ದಾರವು ದೇವರ ಪ್ರಸಾದವೇ ಆಗಿರಲಿ, ಕತ್ತರಿಸಲು ಹಿಂಜರಿಯಬೇಡಿರಿ. ಎಣ್ಣೆ ಹಚ್ಚಿ ನೀವಬೇಡಿರಿ. ಓರೆಯಾದುದನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿರಿ. ಕೈಯು ಹೇಗಿದೆಯೋ ಹಾಗೆಯೇ ದಿಂಬನ್ನೋ ಮಡಿಸಿದ ಪಂಚೆಯನ್ನೋ ಆಸರೆಯಾಗಿ ಕೊಟ್ಟು, ಎಕ್ಸ್-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡಿರಿ. ದಾರಿಯಲ್ಲಿ ಅಳುವ ಮಗುವಿಗೆ ತಿಂಡಿ ಕಾಫಿಗಳನ್ನು ಕೊಡಬೇಡಿರಿ. ಅರಿವಳಿಕೆ ಕೊಟ್ಟು ಮೂಳೆಯನ್ನು ಕೂಡಿಸಬೇಕಾದರೆ ಹೊಟ್ಟೆಯು ಬರಿದಾಗಿರುವುದು ಒಳ್ಳೆಯದು.

ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಕಟ್ಟಿದವರು ಯಾರೇ ಆಗಿರಲಿ, ಪದವಿ ಪಡೆದ ವೈದ್ಯರು ಹಾಕಿದ ಪ್ಲಾಸ್ಟರೇ ಆಗಿರಲಿ, ಮೊದಲ ಎರಡು ದಿನ ರಾತ್ರಿಯೂ ಎದ್ದು ಬೆರಳುಗಳನ್ನು ನೋಡಬೇಕು. ಉಗುರನ್ನು ಒತ್ತಿ ಬಿಟ್ಟರೆ ಕೂಡಲೇ ಕೆಂಪು ಮರಳಬೇಕು. ಬೆರಳುಗಳು ಇನ್ನೊಂದು ಕೈಯಷ್ಟೇ ಬೆಚ್ಚಗಿರಬೇಕು. ಮುಟ್ಟಿದರೆ ತಿಳಿಯಬೇಕು, ಆಡಿಸೆಂದರೆ ಆಡಬೇಕು. ಬೆರಳು ಬಿಳಿಚಿದರೆ, ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಅಪಾಯ. ಇವೆಲ್ಲಕ್ಕೂ ಮೊದಲು ಕಾಣುವ ಗುರುತು ಯಾವುದೆಂದರೆ, ಔಷಧ ಕೊಟ್ಟರೂ ತಗ್ಗದೆ ಏರುತ್ತಲೇ ಹೋಗುವ ನೋವು. ಅದರಲ್ಲಿಯೂ ನಾವು ಮೆಲ್ಲನೆ ಬೆರಳನ್ನು ನೀಡಿದಾಗ ಮುಂಗೈಯಲ್ಲಿ ಏಳುವ ತಾಳಲಾರದ ನೋವು. ಇದು ಕಂಡರೆ ಬೆಳಗಾಗಲೆಂದು ಕಾಯಬಾರದು. ಬಟ್ಟೆಯ ಕಟ್ಟಾದರೆ ಚರ್ಮವು ಕಾಣುವವರೆಗೆ ಪೂರ್ಣವಾಗಿ ಸಡಿಲಿಸಿ, ಪ್ಲಾಸ್ಟರಾದರೆ ಹಾಗೆಯೇ, ಆ ಕ್ಷಣದಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಕಟ್ಟು ಕೆಟ್ಟರೆ ಮತ್ತೆ ಕಟ್ಟಬಹುದು. ಮೂಳೆ ಓರೆಯಾಗಿ ಕೂಡಿದರೂ ಮುಂದೆ ಸರಿಪಡಿಸಬಹುದು. ಸತ್ತ ಮಾಂಸವನ್ನು ಮಾತ್ರ ಯಾರೂ ಬದುಕಿಸಲಾರರು.

ನರಕ್ಕೆ ಪೆಟ್ಟಾದವರು ಎದೆಗುಂದಬೇಕಾದುದಿಲ್ಲ. ತೋಳಿನ ಮೂಳೆಯ ನಡುಭಾಗವು ಮುರಿದ ನೂರು ಜನರಲ್ಲಿ ಸುಮಾರು ಹತ್ತು ಹನ್ನೆರಡು ಜನರಿಗೆ ಮಣಿಕಟ್ಟು ಜೋತುಬೀಳುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ಮರಳಿ ಏಳುತ್ತದೆ. ಆದರೆ ತಾಳ್ಮೆ ಬೇಕು. ಒಳಗಿನ ಎಳೆಗಳು ಕಡಿದ ನರವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ. ತೋಳಿನ ನಡುವಿನಿಂದ ಮುಂಗೈಯನ್ನು ಸೇರಲು ತಿಂಗಳುಗಳೇ ಬೇಕಾಗುವುವು. ಅಷ್ಟು ಕಾಲ ಮಣಿಕಟ್ಟಿಗೆ ಆಸರೆಯ ಪಟ್ಟಿಯನ್ನು ಕಟ್ಟಿಕೊಂಡು, ಬೆರಳುಗಳ ಕೀಲು ಬಿಗಿಯದಂತೆ ಇನ್ನೊಂದು ಕೈಯಿಂದ ಆಡಿಸುತ್ತಿರಬೇಕು.

ಕೊನೆಗೆ ಒಂದು ಎಚ್ಚರಿಕೆ. ತೋಳಿನಲ್ಲಿ ತೋರುವ ನೋವೆಲ್ಲವೂ ತೋಳಿನದೇ ಎಂದು ತಿಳಿಯಬಾರದು. ಹೃದಯಕ್ಕೆ ಸಂಬಂಧಿಸಿದ ನರಗಳೂ ತೋಳಿನ ಒಳಮಗ್ಗುಲ ಚರ್ಮದ ನರಗಳೂ ಬೆನ್ನುಹುರಿಯ ಹತ್ತಿರಹತ್ತಿರದ ಸ್ಥಾನಗಳನ್ನೇ ಸೇರುವುದರಿಂದ, ಹೃದಯದ ಸಂಕಟವು ಎಷ್ಟೋ ವೇಳೆ ಎಡದೋಳಿನ, ಕೆಲವು ವೇಳೆ ಎರಡು ತೋಳುಗಳ ನೋವಾಗಿ ತೋರುತ್ತದೆ. ಪೆಟ್ಟೇನೂ ಬೀಳದೆ ತೋಳು ನೋಯುತ್ತಿದ್ದು, ಜೊತೆಗೆ ಎದೆಯ ಬಿಗಿತ, ಬೆವರು, ಉಸಿರಿನ ತೊಂದರೆ ಇದ್ದರೆ ಮುಲಾಮು ತಿಕ್ಕುತ್ತ ಕುಳಿತಿರಬೇಡಿರಿ. ಕೂಡಲೇ ಆಸ್ಪತ್ರೆಗೆ ಹೊರಡಿರಿ.

ಈ ಸಂಚಿಕೆಯನ್ನು ಓದಿದವರು ಇಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಆ ಮೂರು ಮುದ್ರೆಗಳನ್ನು ಆಟದಂತೆ ಕಲಿಸಬೇಕೆಂದು ನಮ್ಮ ಕೋರಿಕೆ: ಚಿನ್ಮುದ್ರೆ, ಅಭಯಹಸ್ತ, ಐದರ ಎಣಿಕೆ. ಮಕ್ಕಳು ಒಂದು ನಿಮಿಷದಲ್ಲಿ ಕಲಿಯುತ್ತಾರೆ. ಎಂದಾದರೂ ಯಾರಾದರೂ ಬಿದ್ದು ಬಂದ ದಿನ, ಮನೆಯಲ್ಲಿ ದೊಡ್ಡವರು ಗಾಬರಿಯಾಗಿರುವಾಗ, ಅವರಲ್ಲೊಬ್ಬರು ಅದನ್ನು ಜ್ಞಾಪಿಸಿದರೂ ಸಾಕು. ಮುಂದಿನ ತಿಂಗಳು ಮುಂಗೈಯ ಎರಡು ಮೂಳೆಗಳ ವಿಚಾರವನ್ನು ಬರೆಯುತ್ತೇವೆ.